ಪರಿಧಮನಿ ಕಾಯಿಲೆ: ಪತ್ತೆ ಮತ್ತು ಚಿಕಿತ್ಸೆಯ ಸಂಶೋಧನೆ

ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಧಮನಿಗಳ ಗೋಡೆಯಲ್ಲಿ ಕೊಬ್ಬು, ಉರಿಯೂತದ ಕೋಶಗಳು, ನಾರು ಮತ್ತು ಸುಣ್ಣದ ಅಂಶ ವರ್ಷಗಟ್ಟಲೆ ಕೂಡಿಕೊಂಡು ರಕ್ತದ ದಾರಿ ಕಿರಿದಾಗುವ ರೋಗವೇ ಪರಿಧಮನಿ ಕಾಯಿಲೆ. ಆಸ್ಪತ್ರೆಯ ಮಾತಿನಲ್ಲಿ ಇದು ‘ಬ್ಲಾಕ್’. ಮಹಾಧಮನಿಯ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ಹುಟ್ಟುವ ಈ ನಾಳಗಳಲ್ಲಿ ಎಡಗಡೆಯದು ಸ್ವಲ್ಪ ದೂರದಲ್ಲೇ ಎರಡಾಗಿ ಒಡೆಯುತ್ತದೆ. ಒಂದು ನಾಳದ, ಎರಡು ನಾಳದ, ಮೂರು ನಾಳದ ಕಾಯಿಲೆ ಎಂದು ವೈದ್ಯರು ಎಣಿಸುವುದು ಇದರಿಂದಲೇ. ಮುಖ್ಯ ನಾಳಗಳ ಒಳ ಅಗಲ 3ರಿಂದ 4 ಮಿಲಿಮೀಟರ್ ಮಾತ್ರ. ದಾರಿ ನಿಧಾನವಾಗಿ ಕಿರಿದಾದರೆ ನಡೆಯುವಾಗ, ಏರು ಹತ್ತುವಾಗ ಎದೆ ಹಿಂಡಿದಂತಾಗುತ್ತದೆ. ಇದು ಎದೆಶೂಲೆ, ಅಂದರೆ ಆಂಜೈನಾ. ಗೋಡೆಯ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಇದ್ದಕ್ಕಿದ್ದಂತೆ ಮುಚ್ಚಿದರೆ ಅದು ಹೃದಯಾಘಾತ.

ಈ ರೋಗದ ಸಂಶೋಧನೆಯಲ್ಲಿ ಎರಡು ಎಳೆಗಳಿವೆ. ನಾಳವನ್ನು ಕಣ್ಣಿಗೆ ಕಾಣಿಸುವ, ಕಂಡ ಅಡಚಣೆಯನ್ನು ತೆರೆಯುವ ಸಾಧನಗಳ ಕಥೆ ಒಂದು. ಹಾಗೆ ತೆರೆದದ್ದರಿಂದ ರೋಗಿಯ ಆಯಸ್ಸಿಗೆ, ನೆಮ್ಮದಿಗೆ ಏನು ದಕ್ಕಿತು ಎಂದು ಪಟ್ಟು ಹಿಡಿದು ಲೆಕ್ಕ ಕೇಳಿದವರ ಕಥೆ ಇನ್ನೊಂದು. ಮೊದಲನೆಯದಕ್ಕೆ ಹೆಸರು ಹೆಚ್ಚು. ಇವತ್ತು ವೈದ್ಯರು ಯಾರಿಗೆ ಏನು ಮಾಡಬೇಕೆಂದು ಧೈರ್ಯದಿಂದ ಹೇಳಬಲ್ಲರಾದರೆ ಅದಕ್ಕೆ ಹೆಚ್ಚಿನ ಋಣ ಎರಡನೆಯ ಎಳೆಗೆ ಸಲ್ಲಬೇಕು.

ಲಕ್ಷಣದಿಂದ ರೋಗದವರೆಗೆ

ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಅಲ್ಲಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ಓದಿ, 1772ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎದೆಶೂಲೆಯ ವರ್ಣನೆ ಮೊದಲ ಬಾರಿಗೆ ಪೂರ್ಣವಾಗಿ ಸಿಗುತ್ತದೆ. ಊಟ ಮಾಡಿ ಏರು ನಡೆಯುವಾಗ ನೋವು ಬರುವುದು, ನಿಂತ ಕೂಡಲೇ ಹೋಗುವುದು ಇವೆರಡನ್ನೂ ಅವನು ಗುರುತಿಸಿದ್ದ. ಆದರೆ ಅದು ಹೃದಯದ ನಾಳಗಳ ತೊಂದರೆಯೆಂದು ಅವನಿಗೆ ಹೊಳೆಯಲಿಲ್ಲ. ಆ ನಂಟನ್ನು ಕಂಡವರಲ್ಲಿ ಸಿಡುಬಿನ ಲಸಿಕೆಯಿಂದ ಹೆಸರಾದ ಎಡ್ವರ್ಡ್ ಜೆನ್ನರ್ ಒಬ್ಬ. ಶವಪರೀಕ್ಷೆಗಳಲ್ಲಿ ಗಟ್ಟಿಯಾದ ಪರಿಧಮನಿಗಳನ್ನು ಅವನು ನೋಡಿದ್ದ. ಅವನ ಗುರು, ಶಸ್ತ್ರವೈದ್ಯ ಜಾನ್ ಹಂಟರ್‌ನಿಗೇ ಎದೆಶೂಲೆ ಇತ್ತು; ಗುರುವಿಗೆ ನೋವಾದೀತೆಂದು ಜೆನ್ನರ್ ಈ ವಿಷಯವನ್ನು ಬಹಿರಂಗವಾಗಿ ಹೇಳಲಿಲ್ಲ. 1793ರಲ್ಲಿ ಆಸ್ಪತ್ರೆಯ ಸಭೆಯೊಂದರಲ್ಲಿ ವಾಗ್ವಾದ ನಡೆದು ಹಂಟರ್ ಕುಸಿದು ಸತ್ತಾಗ ಅವನ ಪರಿಧಮನಿಗಳು ಸುಣ್ಣಗಟ್ಟಿದ್ದು ಶವಪರೀಕ್ಷೆಯಲ್ಲಿ ಕಂಡಿತು.

ಆಮೇಲೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಪರಿಧಮನಿ ಪೂರ್ತಿ ಮುಚ್ಚಿದರೆ ಸಾವು ಖಚಿತವೆಂಬ ನಂಬಿಕೆಯೇ ಇತ್ತು. ಷಿಕಾಗೊದ ಜೇಮ್ಸ್ ಹೆರಿಕ್ 1912ರಲ್ಲಿ ಇದನ್ನು ಅಲ್ಲಗಳೆದು, ನಾಳ ಮುಚ್ಚಿಯೂ ರೋಗಿ ಬದುಕಬಹುದು, ಬದುಕಿರುವಾಗಲೇ ರೋಗವನ್ನು ಗುರುತಿಸಬಹುದು ಎಂದು ತೋರಿಸಿದ. ಮೊದಲಿಗೆ ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ವಿಲ್ಲೆಮ್ ಐಂಥೋವನ್ ರೂಪಿಸಿದ್ದ ಇಸಿಜಿ ಯಂತ್ರದ ಗೆರೆಗಳಲ್ಲಿ ಹೃದಯಾಘಾತದ ಗುರುತು ಕಾಣತೊಡಗಿದ ಮೇಲೆ ಅದು ದಿನನಿತ್ಯ ಗುರುತಿಸಬಲ್ಲ ರೋಗವಾಯಿತು. ಐಂಥೋವನ್‌ಗೆ 1924ರಲ್ಲಿ ನೊಬೆಲ್ ಬಂತು. ಹೃದಯದ ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನನ್ನು ಅಳೆಯುವ ಪರೀಕ್ಷೆ 1980ರ ದಶಕದ ಕೊನೆಗೆ ಬಂತು. ಈಗಿನ ಸೂಕ್ಷ್ಮ ಟ್ರೋಪೋನಿನ್ ಪರೀಕ್ಷೆಯಿಂದ, ಎದೆನೋವೆಂದು ಬಂದವರಲ್ಲಿ ಅನೇಕರಿಗೆ ಹೃದಯಾಘಾತ ಆಗಿಲ್ಲವೆಂದು ಒಂದೆರಡು ಗಂಟೆಯಲ್ಲೇ ಹೇಳಿ ಮನೆಗೆ ಕಳಿಸಬಹುದು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮನೆಯಲ್ಲೇ ಕಾಯುವವರಿಗೆ ಈ ಯಾವ ಪರೀಕ್ಷೆಯೂ ಉಪಯೋಗಕ್ಕೆ ಬರುವುದಿಲ್ಲ. ಎದೆನೋವಿನ ಸಂಶೋಧನೆಯ ದೊಡ್ಡ ತೊಡಕು ಇವತ್ತಿಗೂ ಅದೇ.

ನಾಳವನ್ನು ಕಂಡದ್ದು

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ 25 ವರ್ಷದ ವೈದ್ಯ ವೆರ್ನರ್ ಫೋರ್ಸ್‌ಮಾನ್ ತನ್ನ ತೋಳಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯೊಂದನ್ನು ತನ್ನ ಹೃದಯದವರೆಗೂ ತಾನೇ ತೂರಿಸಿಕೊಂಡ. ಎಕ್ಸ್-ರೇ ಕೋಣೆಗೆ ನಡೆದುಹೋಗಿ ಅದರ ಚಿತ್ರವನ್ನೂ ತೆಗೆಸಿದ. ಬದುಕಿರುವವರ ಹೃದಯವನ್ನು ಹೀಗೆ ಮುಟ್ಟುವುದು ಹುಚ್ಚುತನವೆಂದು ಹಿರಿಯರು ಭಾವಿಸಿದ್ದರು. ಅವನ ದಾರಿಯನ್ನು ಮುಂದುವರಿಸಿದ ಅಮೆರಿಕದ ಆಂದ್ರೆ ಕೂರ್ನಾಂ ಮತ್ತು ಡಿಕಿನ್ಸನ್ ರಿಚರ್ಡ್ಸ್ ಜೊತೆ ಅವನಿಗೆ 1956ರಲ್ಲಿ ನೊಬೆಲ್ ದೊರೆಯಿತು.

ಪರಿಧಮನಿಗೇ ನೇರವಾಗಿ ಬಣ್ಣದ ದ್ರವ ಬಿಟ್ಟು ಚಿತ್ರ ತೆಗೆಯುವುದು ಮಾತ್ರ ಅಸಾಧ್ಯವೆಂದೇ ಎಲ್ಲರೂ ತಿಳಿದಿದ್ದರು. ಅಷ್ಟು ದ್ರವ ಒಂದೇ ನಾಳಕ್ಕೆ ಹೋದರೆ ಹೃದಯದ ಬಡಿತ ಕೆಟ್ಟು ಸಾವು ಬರುತ್ತದೆಂಬ ಭಯ ಇತ್ತು. 1958ರ ಅಕ್ಟೋಬರ್ 30ರಂದು ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಕವಾಟದ ರೋಗವಿದ್ದ ಯುವಕನೊಬ್ಬನ ಮಹಾಧಮನಿಯ ಚಿತ್ರ ತೆಗೆಯುತ್ತಿದ್ದಾಗ ಕೊಳವೆಯ ತುದಿ ಜಾರಿ ಬಲ ಪರಿಧಮನಿಯೊಳಗೆ ಸೇರಿಕೊಂಡಿತ್ತು. ದ್ರವವೆಲ್ಲ ಆ ನಾಳಕ್ಕೇ ನುಗ್ಗಿತು. ಪರದೆಯ ಮೇಲೆ ನಾಳ ಸ್ಪಷ್ಟವಾಗಿ ಮೂಡಿತು, ಹೃದಯ ನಿಂತುಹೋಯಿತು. ಎದೆ ತೆರೆಯಬೇಕಾದೀತೆಂದು ಸೋನ್ಸ್ ಓಡಿದ. ಕೆಮ್ಮಲು ರೋಗಿಗೆ ಕೂಗಿ ಹೇಳಿದ. ಎರಡು ಮೂರು ಬಾರಿ ಕೆಮ್ಮಿದ ಮೇಲೆ ಬಡಿತ ಮರಳಿ ಬಂತು. ಆ ಅಪಘಾತವನ್ನು ಮರೆತುಬಿಡುವ ಬದಲು ಸೋನ್ಸ್ ಅದರಿಂದ ಒಂದು ವಿಷಯ ಕಲಿತ: ದ್ರವ ಕಡಿಮೆಯಿದ್ದರೆ ಹೃದಯ ತಾಳಿಕೊಳ್ಳುತ್ತದೆ. ಅದಕ್ಕಾಗಿಯೇ ಹೊಸ ಕೊಳವೆಗಳನ್ನು ರೂಪಿಸಿದ. ಇಂದಿನ ಆಂಜಿಯೋಗ್ರಾಂ ಶುರುವಾದದ್ದು ಹೀಗೆ.

ಅದೇ ಆಸ್ಪತ್ರೆಗೆ ಅರ್ಜೆಂಟೀನಾದ ಹಳ್ಳಿಗಾಡಿನಲ್ಲಿ ವರ್ಷಗಟ್ಟಲೆ ದುಡಿದು ಬಂದ ರೆನೆ ಫಾವಲೊರೊ ಸೋನ್ಸ್ ತೆಗೆದ ಚಿತ್ರಗಳ ರಾಶಿಯ ಮುಂದೆ ಕೂತು ಅಭ್ಯಾಸ ಮಾಡಿದ. ಕಾಲಿನ ಅಭಿಧಮನಿಯ ತುಂಡನ್ನು ತೆಗೆದು ಅಡಚಣೆಯ ಆಚೆಗೆ ರಕ್ತದ ಹೊಸ ದಾರಿ ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಅವನು 1967ರಲ್ಲಿ ನೆಲೆಗೊಳಿಸಿದ. ಅದಕ್ಕೂ ಮೊದಲು, 1964ರಲ್ಲಿ ಲೆನಿನ್‌ಗ್ರಾಡಿನಲ್ಲಿ ವಾಸಿಲಿ ಕೊಲೆಸೊವ್ ಎದೆಯ ಒಳಗೋಡೆಯ ಧಮನಿಯನ್ನೇ ಪರಿಧಮನಿಗೆ ಹೊಲಿದಿದ್ದ. ಶೀತಲ ಸಮರದ ದಿನಗಳಲ್ಲಿ ಅವನ ಕೆಲಸ ಹೊರಗೆ ಹೆಚ್ಚು ತಿಳಿಯಲಿಲ್ಲ. ಕಾಲಿನ ನಾಳಕ್ಕಿಂತ ಎದೆಯ ಧಮನಿ ಬಹುಕಾಲ ತೆರೆದಿರುತ್ತದೆಂದು ಮುಂದಿನ ದಶಕಗಳು ತೋರಿಸಿದವು. ಈಗಿನ ಬಹುತೇಕ ಬೈಪಾಸ್‌ಗಳಲ್ಲಿ ಮುಖ್ಯ ಜೋಡಣೆ ಅದೇ.

ಬಲೂನಿನ ಕಥೆ ಜ್ಯೂರಿಕ್‌ನ ಒಂದು ಅಡುಗೆಮನೆಯಲ್ಲಿ ಮೊದಲಾಯಿತು. ಜರ್ಮನ್ ವೈದ್ಯ ಆಂಡ್ರಿಯಾಸ್ ಗ್ರುಂಟ್‌ಜಿಗ್ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಪ್ಲಾಸ್ಟಿಕ್, ಅಂಟು, ದಾರಗಳಿಂದ ಸಣ್ಣ ಬಲೂನುಗಳನ್ನು ಕಟ್ಟುತ್ತಿದ್ದ. 1977ರ ಸೆಪ್ಟೆಂಬರ್ 16ರಂದು 38 ವರ್ಷದ ರೋಗಿಯೊಬ್ಬನ ಪರಿಧಮನಿಯಲ್ಲಿ ಆ ಬಲೂನನ್ನು ಉಬ್ಬಿಸಿ, ಎದೆ ತೆರೆಯದೆಯೇ ನಾಳವನ್ನು ಅಗಲಿಸಿದ. ಆದರೆ ಬಲೂನಿನಿಂದ ತೆರೆದ ನಾಳ ಕೆಲವರಲ್ಲಿ ಆಗಲೇ ಮುಚ್ಚಿಕೊಳ್ಳುತ್ತಿತ್ತು. ಮೂರರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಮತ್ತೆ ಕಿರಿದಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು ನಾಳವನ್ನು ಒಳಗಿನಿಂದ ಆನಿಸಿ ಹಿಡಿಯುವ ಲೋಹದ ಜಾಲರಿ, ಅಂದರೆ ಸ್ಟೆಂಟ್. 1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಜಾಕ್ ಪ್ಯುಯೆಲ್, ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಉಲ್ರಿಕ್ ಸಿಗ್‌ವಾರ್ಟ್ ಇದನ್ನು ಮೊದಲು ಅಳವಡಿಸಿದರು. ಜಾಲರಿಯ ಒಳಗೂ ಗಾಯದ ಅಂಗಾಂಶ ಬೆಳೆಯುವುದನ್ನು ತಡೆಯಲು ಔಷಧ ಲೇಪಿಸಿದ ಸ್ಟೆಂಟುಗಳು 2002ರ ಹೊತ್ತಿಗೆ ಬಂದವು. ಭಾರತದಲ್ಲಿ ಇವುಗಳ ಬೆಲೆಗೆ 2017ರ ಫೆಬ್ರುವರಿಯಲ್ಲಿ ಸರ್ಕಾರ ಮಿತಿ ಹಾಕಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿಯ ಲೋಹದ್ದಕ್ಕೆ 7,260 ರೂಪಾಯಿ ಎಂದು ನಿಗದಿಮಾಡಿತು. ಲಕ್ಷದ ಮಾತಾಗಿದ್ದ ಚಿಕಿತ್ಸೆ ಅನೇಕ ಕುಟುಂಬಗಳ ಕೈಗೆ ಎಟುಕಿದ್ದು ಆಗ.

ಗಂಟೆಗಳ ಲೆಕ್ಕ

ಹೃದಯಾಘಾತದ ಚಿಕಿತ್ಸೆಯನ್ನು ಬದಲಿಸಿದ್ದು ಕಾಲದ ಅರಿವು. ರಕ್ತ ನಿಂತರೆ ಸ್ನಾಯು ಒಮ್ಮೆಗೇ ಸಾಯುವುದಿಲ್ಲ. ಒಳಪದರದಿಂದ ಹೊರಕ್ಕೆ ಅಲೆಯಂತೆ ಗಂಟೆಗಟ್ಟಲೆ ಸಾಯುತ್ತಾ ಹೋಗುತ್ತದೆ ಎಂದು ರೈಮರ್ ಮತ್ತು ಜೆನ್ನಿಂಗ್ಸ್ 1977ರಲ್ಲಿ ನಾಯಿಗಳ ಹೃದಯದಲ್ಲಿ ತೋರಿಸಿದರು. ಹೆಪ್ಪು ಆಘಾತಕ್ಕೆ ಕಾರಣವೋ ಅಥವಾ ಆಘಾತದ ಪರಿಣಾಮವೋ ಎಂಬ ಹಳೆಯ ಜಗಳವನ್ನು 1980ರಲ್ಲಿ ಮಾರ್ಕಸ್ ಡಿವುಡ್ ಮುಗಿಸಿದ. ಆಘಾತವಾಗಿ ನಾಲ್ಕು ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಿದವರಲ್ಲಿ ಶೇ. 87ರಷ್ಟು ಮಂದಿಯ ನಾಳ ಪೂರ್ತಿ ಮುಚ್ಚಿತ್ತು. ಅಂದ ಮೇಲೆ ಹೆಪ್ಪನ್ನು ಬೇಗ ಕರಗಿಸಿದರೆ ಜೀವ ಉಳಿಯಬೇಕು. 1986ರಲ್ಲಿ ಇಟಲಿಯ ಸುಮಾರು 12,000 ರೋಗಿಗಳ ಮೇಲೆ ನಡೆದ ಜಿಸ್ಸಿ ಪ್ರಯೋಗ ಸ್ಟ್ರೆಪ್ಟೋಕೈನೇಸ್ ಔಷಧದಿಂದ ಅದನ್ನು ಸಾಬೀತು ಮಾಡಿತು. ಮೊದಲ ಗಂಟೆಯಲ್ಲೇ ಔಷಧ ಸಿಕ್ಕವರಲ್ಲಿ ಸಾವು ಹೆಚ್ಚು ಕಡಿಮೆ ಅರ್ಧಕ್ಕಿಳಿದಿತ್ತು.

ಎರಡು ವರ್ಷದ ಮೇಲೆ ಆಕ್ಸ್‌ಫರ್ಡ್‌ನವರು ಮುನ್ನಡೆಸಿದ ಐಸಿಸ್-2 ಪ್ರಯೋಗದ ಫಲಿತಾಂಶ ಬಂತು. 16 ದೇಶಗಳ 417 ಆಸ್ಪತ್ರೆಗಳ 17,187 ರೋಗಿಗಳು ಅದರಲ್ಲಿದ್ದರು. ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದಿಂದ ಸತ್ತವರು, ಏನೂ ಸಿಗದವರಲ್ಲಿ ಶೇ. 13.2, ಸ್ಟ್ರೆಪ್ಟೋಕೈನೇಸ್ ಜೊತೆ ಆಸ್ಪಿರಿನ್ ಸಿಕ್ಕವರಲ್ಲಿ ಶೇ. 8. ಬಿಡಿಗಾಸಿನ ಆಸ್ಪಿರಿನ್ ಒಂದರಿಂದಲೇ ಸಾವು ಐದರಲ್ಲೊಂದು ಪಾಲಿಗೂ ಮೀರಿ ಇಳಿಯಿತು. ಈ ರೋಗದಲ್ಲಿ ಇಷ್ಟು ಅಗ್ಗದಲ್ಲಿ ಇಷ್ಟು ಜೀವ ಉಳಿಸಿದ ಇನ್ನೊಂದು ಶೋಧವನ್ನು ಹೆಸರಿಸುವುದು ಕಷ್ಟ. ಕೊಳವೆ ತೂರಿಸಿ ನಾಳ ನೋಡುವ, ತೆರೆಯುವ ಸೌಕರ್ಯವಾದ ಕ್ಯಾತ್ ಲ್ಯಾಬ್ ಹತ್ತಿರವಿದ್ದರೆ, ಔಷಧದಿಂದ ಹೆಪ್ಪು ಕರಗಿಸುವುದಕ್ಕಿಂತ ಕೂಡಲೇ ಬಲೂನು, ಸ್ಟೆಂಟಿನಿಂದ ನಾಳ ತೆರೆಯುವುದೇ ಮೇಲೆಂದು 1990ರ ದಶಕದಿಂದ ಸ್ಪಷ್ಟವಾಗಿದೆ. ಹತ್ತಿರ ಇರದಿದ್ದರೆ ಔಷಧವೇ ದಾರಿ.

ಕಂಡದ್ದು, ಕಾಡುವುದು

ಹೃದಯಾಘಾತದ ಹೊರಗೆ, ಸ್ಥಿರವಾದ ಎದೆಶೂಲೆಯಲ್ಲಿ, ಚಿತ್ರ ಇಷ್ಟು ಸರಳವಿಲ್ಲ. ಹಿಂದೆ 1950ರ ದಶಕದಲ್ಲಿ ಎದೆಯ ಒಳಗೋಡೆಯ ಧಮನಿಗಳನ್ನು ಕಟ್ಟಿಬಿಟ್ಟರೆ ಹೃದಯಕ್ಕೆ ಹೆಚ್ಚು ರಕ್ತ ಹರಿಯುತ್ತದೆಂಬ ಶಸ್ತ್ರಚಿಕಿತ್ಸೆ ಜನಪ್ರಿಯವಾಗಿತ್ತು, ರೋಗಿಗಳು ಗುಣವಾಯಿತೆನ್ನುತ್ತಿದ್ದರು. 1959ರಲ್ಲಿ ಅಮೆರಿಕದ ಲಿಯೊನಾರ್ಡ್ ಕಾಬ್ 17 ರೋಗಿಗಳಲ್ಲಿ ಕೆಲವರಿಗೆ ನಿಜವಾಗಿ ಧಮನಿ ಕಟ್ಟಿ, ಉಳಿದವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದ. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿದಿರಲಿಲ್ಲ. ಎರಡೂ ಗುಂಪು ಒಂದೇ ತೆರನಾಗಿ ಸುಧಾರಿಸಿತು. ಆ ಶಸ್ತ್ರಚಿಕಿತ್ಸೆ ಅಲ್ಲಿಗೆ ನಿಂತಿತು.

ಸ್ಟೆಂಟಿಗೆ ಇಂಥ ಪರೀಕ್ಷೆ ನಡೆದದ್ದು 2017ರಲ್ಲಿ. ಬಲೂನು ಬಂದು ನಲವತ್ತು ವರ್ಷದ ಮೇಲೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಶಾ ಅಲ್-ಲಾಮಿ ಮತ್ತು ಸಂಗಡಿಗರು ಆರ್ಬಿಟಾ ಪ್ರಯೋಗದಲ್ಲಿ 200 ರೋಗಿಗಳಿಗೆ ಮೊದಲು ಆರು ವಾರ ಔಷಧವನ್ನು ಚೆನ್ನಾಗಿ ಕೊಟ್ಟು, ಬಳಿಕ ಸುಮಾರು ಅರ್ಧ ಮಂದಿಗೆ ಸ್ಟೆಂಟ್ ಹಾಕಿ, ಉಳಿದವರಿಗೆ ಹಾಕಿದಂತೆ ನಟಿಸಿದರು. ವ್ಯಾಯಾಮ ಮಾಡಬಲ್ಲ ಸಮಯದಲ್ಲಿ ಎದ್ದುಕಾಣುವ ವ್ಯತ್ಯಾಸ ಸಿಗಲಿಲ್ಲ. ಅದೇ ತಂಡ 2023ರಲ್ಲಿ ಎದೆಶೂಲೆಯ ಮಾತ್ರೆಗಳನ್ನು ನಿಲ್ಲಿಸಿದ 301 ರೋಗಿಗಳಲ್ಲಿ ಮತ್ತೆ ನೋಡಿದಾಗ ಸ್ಟೆಂಟು ನೋವನ್ನು ನಿಜಕ್ಕೂ ಕಡಿಮೆ ಮಾಡಿತ್ತು, ಆದರೆ ಎಲ್ಲರ ನೋವನ್ನೂ ಅಲ್ಲ. ಮೊದಲ ಫಲಿತಾಂಶವನ್ನೇ ಹಿಡಿದು ಕೂರದೆ ತಮ್ಮ ಪ್ರಶ್ನೆಯನ್ನು ತಾವೇ ಇನ್ನೊಂದು ಕಡೆಯಿಂದ ಕೇಳಿದ್ದು ಆ ತಂಡದ ಹಿರಿಮೆ.

ಸಾವು ಮತ್ತು ಆಘಾತದ ಲೆಕ್ಕವೂ ಹೀಗೇ ಇದೆ. 2007ರ ಕರೇಜ್ ಪ್ರಯೋಗ, ಆಮೇಲೆ 37 ದೇಶಗಳ 5,179 ರೋಗಿಗಳನ್ನು ಸುಮಾರು ಮೂರು ವರ್ಷ ಹಿಂಬಾಲಿಸಿದ ಇಸ್ಕೀಮಿಯಾ ಪ್ರಯೋಗ, ಎರಡೂ ಹೇಳಿದ್ದು ಒಂದೇ: ರೋಗ ಸ್ಥಿರವಾಗಿದ್ದವರಲ್ಲಿ ಉತ್ತಮ ಔಷಧದ ಜೊತೆಗೆ ಸ್ಟೆಂಟನ್ನೋ ಬೈಪಾಸನ್ನೋ ಮೊದಲೇ ಮಾಡಿದರೆ ಆಯಸ್ಸು ಹೆಚ್ಚುವುದಿಲ್ಲ, ಪದೇ ಪದೇ ಎದೆಶೂಲೆ ಬರುವವರಿಗೆ ನೋವು ಕಡಿಮೆಯಾಗುತ್ತದೆ. ಎಡ ಪರಿಧಮನಿಯ ಬುಡದಲ್ಲೇ ಅಡಚಣೆ ಇದ್ದವರನ್ನು ಈ ಪ್ರಯೋಗಗಳಿಂದ ಹೊರಗಿಟ್ಟಿದ್ದರೆಂಬುದನ್ನು ಮರೆಯಬಾರದು. ಮಧುಮೇಹದ ಜೊತೆ ಹಲವು ನಾಳಗಳಲ್ಲಿ ರೋಗವಿದ್ದವರಿಗೆ ಸ್ಟೆಂಟಿಗಿಂತ ಬೈಪಾಸ್ ಹೆಚ್ಚು ಜೀವ ಉಳಿಸುತ್ತದೆಂದು 2012ರ ಫ್ರೀಡಂ ಪ್ರಯೋಗ ತೋರಿಸಿತು. ಮಧುಮೇಹ ಇಷ್ಟು ಹಬ್ಬಿರುವ ನಮ್ಮಲ್ಲಿ ಈ ತೀರ್ಪಿಗೆ ತೂಕ ಹೆಚ್ಚು.

ಯಾಕೆ ಹೀಗೆ? ಉತ್ತರ ನಾಳದ ಗೋಡೆಯಲ್ಲಿದೆ. ಷಿಕಾಗೊದ ಸೀಮೋರ್ ಗ್ಲಾಗೊವ್ 1987ರಲ್ಲಿ ತೋರಿಸಿದಂತೆ, ಕೊಬ್ಬಿನ ಗಡ್ಡೆ ಬೆಳೆಯುವಾಗ ನಾಳ ಮೊದಲು ಹೊರಕ್ಕೆ ಹಿಗ್ಗುತ್ತದೆ. ಒಳದಾರಿ ಬಹುಕಾಲ ಹಾಗೇ ಉಳಿಯುತ್ತದೆ. ಆಂಜಿಯೋಗ್ರಾಂ ಕಾಣಿಸುವುದು ದಾರಿಯನ್ನು, ಗೋಡೆಯನ್ನಲ್ಲ. ಹೃದಯಾಘಾತ ತರುವ ಗಡ್ಡೆಗಳಲ್ಲಿ ಅನೇಕವು ಮೊದಲು ದಾರಿಯನ್ನು ಅರ್ಧದಷ್ಟೂ ಮುಚ್ಚಿರುವುದಿಲ್ಲ. ತೆಳುವಾದ ಹೊದಿಕೆ ಹರಿದು ಒಳಗಿನ ಕೊಬ್ಬು ರಕ್ತಕ್ಕೆ ತಾಗಿದಾಗ, ಕೆಲವರಲ್ಲಿ ಮೇಲ್ಪದರ ಸವೆದಾಗ, ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಕೆನೆಗಟ್ಟಿದ ಹಾಲು ಮೇಲೆ ಶಾಂತವಾಗಿ ಕಾಣುತ್ತಾ ಒಳಗೆ ಕುದಿಯುವಂತೆ ಈ ಗಡ್ಡೆಗಳು. ಹಾಗಾಗಿ ಶೇ. 80ರ ಬ್ಲಾಕ್ ನೋವು ಕೊಡುತ್ತದೆ, ಶೇ. 40ರದ್ದು ಕೊಲ್ಲಲೂಬಹುದು.

ಹೊಸ ಪತ್ತೆ ವಿಧಾನಗಳೆಲ್ಲ ಈ ಅರಿವಿನ ಸುತ್ತ ಬೆಳೆದಿವೆ. ಅಡಚಣೆಯ ಹಿಂದೆ ಮುಂದೆ ರಕ್ತದ ಒತ್ತಡವನ್ನು ತಂತಿಯೊಂದರಿಂದ ಅಳೆದು, ಅನುಪಾತ 0.80 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಸ್ಟೆಂಟ್ ಹಾಕುವ ಕ್ರಮವನ್ನು ನಿಕೊ ಪೈಲ್ಸ್ ಮತ್ತು ಬರ್ನಾರ್ಡ್ ಡಿ ಬ್ರೂಯ್ನ್ ರೂಢಿಸಿದರು. 2009ರ ಫೇಮ್ ಪ್ರಯೋಗದಲ್ಲಿ ಕಡಿಮೆ ಸ್ಟೆಂಟುಗಳಿಂದಲೇ ಹೆಚ್ಚು ಒಳ್ಳೆಯ ಫಲ ದೊರೆಯಿತು. ನಾಳದ ಗೋಡೆಯನ್ನೇ ತೋರಿಸುವ ಸಿ.ಟಿ. ಆಂಜಿಯೋಗ್ರಾಂ ಇನ್ನೂ ಮುಂದಕ್ಕೆ ಹೋಯಿತು. ಸ್ಕಾಟ್ಲೆಂಡಿನ 4,146 ಎದೆನೋವಿನ ರೋಗಿಗಳಲ್ಲಿ ಈ ಪರೀಕ್ಷೆ ಸೇರಿಸಿದವರಿಗೆ ಐದು ವರ್ಷಗಳಲ್ಲಿ ಹೃದಯರೋಗದ ಸಾವು ಅಥವಾ ಹೃದಯಾಘಾತ ಶೇ. 2.3, ಸೇರಿಸದವರಿಗೆ ಶೇ. 3.9. ಎರಡೂ ಗುಂಪಿನಲ್ಲಿ ಸ್ಟೆಂಟು, ಬೈಪಾಸುಗಳ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ಪರೀಕ್ಷೆಯಲ್ಲಿ ಗಡ್ಡೆ ಕಂಡವರಿಗೆ ಸರಿಯಾದ ಮಾತ್ರೆಗಳು ಶುರುವಾದದ್ದೇ ವ್ಯತ್ಯಾಸಕ್ಕೆ ಕಾರಣವೆಂದು ಅಧ್ಯಯನಕಾರರು ಕಂಡರು.

ಗೋಡೆಯ ಚಿಕಿತ್ಸೆ

ಆ ಮಾತ್ರೆಗಳಲ್ಲಿ ಮೊದಲನೆಯದು ಸ್ಟ್ಯಾಟಿನ್. ಜಪಾನಿನ ಅಕಿರಾ ಎಂಡೊ ಆರು ಸಾವಿರದಷ್ಟು ಶಿಲೀಂಧ್ರಗಳನ್ನು ಜಾಲಾಡಿ, 1973ರಲ್ಲಿ ಪೆನಿಸಿಲಿಯಂ ಜಾತಿಯ ಬೂಷ್ಟಿನಲ್ಲಿ ಕೊಲೆಸ್ಟರಾಲ್ ತಯಾರಿಕೆಯನ್ನು ತಡೆಯುವ ರಾಸಾಯನಿಕವನ್ನು ಕಂಡ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳಲ್ಲಿ ಸಿಂವಾಸ್ಟ್ಯಾಟಿನ್ ಸಾವನ್ನು ಶೇ. 30ರಷ್ಟು ತಗ್ಗಿಸಿತು. ಕೆಟ್ಟ ಕೊಲೆಸ್ಟರಾಲನ್ನು ಡೆಸಿಲೀಟರಿಗೆ 39 ಮಿಲಿಗ್ರಾಂನಷ್ಟು ಇಳಿಸಿದಾಗಲೆಲ್ಲ ಹೃದಯ ಮತ್ತು ಮೆದುಳಿನ ಆಘಾತಗಳು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುತ್ತವೆಂದು ಲಕ್ಷಕ್ಕೂ ಮೀರಿದ ರೋಗಿಗಳ ಮಾಹಿತಿಯಿಂದ ತಿಳಿದಿದೆ. ಮಾತ್ರೆ ಸಾಲದವರಿಗೆ ಈಗ ವರ್ಷಕ್ಕೆರಡೇ ಸಲ ಕೊಡುವ ಚುಚ್ಚುಮದ್ದೂ ಇದೆ. ಉರಿಯೂತವನ್ನೇ ಗುರಿಯಾಗಿಸಿದ 2017ರ ಕ್ಯಾಂಟೋಸ್ ಪ್ರಯೋಗ, ಆಮೇಲೆ ಕೀಲುನೋವಿನ ಹಳೆಯ ಮದ್ದು ಕೊಲ್ಚಿಸಿನ್ ಬಳಸಿದ ಕೆಲವು ಪ್ರಯೋಗಗಳು, ಕೊಲೆಸ್ಟರಾಲ್ ಒಂದೇ ಕಥೆಯಲ್ಲವೆಂದು ತೋರಿಸಿವೆ.

ಯಾರಿಗೆ ರೋಗ ಬರುತ್ತದೆ ಎಂಬ ಪ್ರಶ್ನೆಗೆ ಬುನಾದಿ ಹಾಕಿದ್ದು 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಪಟ್ಟಣದ 5,209 ಜನರನ್ನು ಹಿಂಬಾಲಿಸತೊಡಗಿದ ಅಧ್ಯಯನ. ಆ ಪಾಠ ಬೇರೆ ದೇಶಗಳಿಗೂ ಹೊಂದುತ್ತದೆಯೇ ಎಂದು ಕೇಳಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್. ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ತಂಬಾಕು, ಕೊಲೆಸ್ಟರಾಲ್, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಮೊದಲಾದ ಒಂಬತ್ತು ಅಂಶಗಳೇ ಮೊದಲ ಹೃದಯಾಘಾತದ ಅಪಾಯದಲ್ಲಿ ಸುಮಾರು ಶೇ. 90ರಷ್ಟಕ್ಕೆ ಕಾರಣವೆಂದು ಕಂಡುಬಂತು. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಸರಾಸರಿ 53ನೇ ವಯಸ್ಸಿಗೇ ಬಂದಿತ್ತು. ಉಳಿದವರಿಗೆ ಸುಮಾರು 59ಕ್ಕೆ. ಇದನ್ನು ವಂಶದ ಹಣೆಬರಹವೆಂದು ಬಿಡುವಂತಿಲ್ಲ. ಅದೇ ಅಪಾಯದ ಅಂಶಗಳು ನಮ್ಮಲ್ಲಿ ಬೇಗ ಶುರುವಾಗುವುದೇ ಇದಕ್ಕೆ ಮುಖ್ಯ ಕಾರಣವೆಂದು ಅಧ್ಯಯನ ಹೇಳಿತು.

ತಾಲ್ಲೂಕು ಆಸ್ಪತ್ರೆಯ ದೂರ

ಸೇಂಟ್ ಜಾನ್ಸ್‌ನ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ಅಧ್ಯಯನ ಭಾರತದ 89 ಆಸ್ಪತ್ರೆಗಳ 20,937 ರೋಗಿಗಳನ್ನು ಒಳಗೊಂಡಿತ್ತು. ನೋವು ಶುರುವಾದಲ್ಲಿಂದ ಆಸ್ಪತ್ರೆ ತಲುಪಲು ತಗುಲಿದ ಮಧ್ಯಮ ಅವಧಿ 360 ನಿಮಿಷ. ಸ್ನಾಯು ಅಲೆಅಲೆಯಾಗಿ ಸಾಯುವ ಹೊತ್ತೇ ಅದು. ಮೂವತ್ತು ದಿನದೊಳಗಿನ ಸಾವು ಬಡವರಲ್ಲಿ ಶೇ. 8.2, ಸಿರಿವಂತರಲ್ಲಿ ಶೇ. 5.5. ಚಿಕಿತ್ಸೆಯಲ್ಲಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಅಳಿಸಿಹೋಯಿತು. ಅಂದರೆ ಬಡವರು ಸತ್ತದ್ದು ಅವರ ರೋಗ ಬೇರೆಯೆಂಬ ಕಾರಣಕ್ಕಲ್ಲ, ಅವರಿಗೆ ಸಿಕ್ಕ ಚಿಕಿತ್ಸೆ ಬೇರೆಯಾಗಿತ್ತು. ಈ ಇಡೀ ಕ್ಷೇತ್ರದಲ್ಲಿ ನಮ್ಮ ನಾಡಿನಿಂದ ಬಂದ ಅತ್ಯಂತ ಮುಖ್ಯವಾದ ಮಾತು ಇದು.

ಉತ್ತರಗಳೂ ಈ ನೆಲದಲ್ಲೇ ಹುಟ್ಟಿವೆ. ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ಕ್ಯಾತ್ ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಗೆ ಜೋಡಿಸಿ, ಇಸಿಜಿಯನ್ನು ದೂರದಿಂದಲೇ ಓದಿ, ಮೊದಲು ಹೆಪ್ಪು ಕರಗಿಸಿ ಆಮೇಲೆ ಆಂಜಿಯೋಗ್ರಾಂಗೆ ಸಾಗಿಸುವ ವ್ಯವಸ್ಥೆಯನ್ನು 2,420 ರೋಗಿಗಳಲ್ಲಿ ಅಳೆದಾಗ ಒಂದು ವರ್ಷದ ಸಾವು ಶೇ. 17.6ರಿಂದ 14.2ಕ್ಕಿಳಿದಿತ್ತು. ಕರ್ನಾಟಕದಲ್ಲಿ 2021ರಲ್ಲಿ 46ನೇ ವಯಸ್ಸಿಗೇ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೇ ಮಾದರಿಯದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದಲ್ಲಿ ಪರಿಶೀಲಿಸುತ್ತಾರೆ; ಆಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ.

ಬಿಡಿಸದ ಗಂಟುಗಳು ಇನ್ನೂ ಇವೆ. ಎದೆಶೂಲೆಯಿಂದ ಬಳಲಿ ಆಂಜಿಯೋಗ್ರಾಂನಲ್ಲಿ ಬ್ಲಾಕ್ ಕಾಣದವರು, ಅವರಲ್ಲಿ ಹೆಂಗಸರೇ ಹೆಚ್ಚು, ಬಹುಕಾಲ ‘ಏನೂ ಇಲ್ಲ’ ಎಂಬ ಮಾತು ಕೇಳಿ ಮರಳಿದ್ದಾರೆ. ಅವರಲ್ಲಿ ಹಲವರ ತೊಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳದು, ಇಲ್ಲವೇ ನಾಳದ ಸೆಳೆತದ್ದು. ಇದನ್ನು ಅಳೆದು ಅದಕ್ಕೆ ತಕ್ಕ ಔಷಧ ಕೊಟ್ಟರೆ ನೋವು ತಗ್ಗುತ್ತದೆಂದು 2018ರಲ್ಲಿ ಗ್ಲಾಸ್ಗೋದ ಕಾಲಿನ್ ಬೆರಿ ಮತ್ತು ಸಂಗಡಿಗರು ತೋರಿಸಿದರು. ನೋವು ಕೊಡದ, ಆದರೆ ಹರಿಯುವ ಸೂಚನೆ ಇರುವ ಗಡ್ಡೆಗೆ ಮುಂಚಿತವಾಗಿಯೇ ಸ್ಟೆಂಟ್ ಹಾಕಬೇಕೇ ಎಂಬುದು ಇನ್ನೊಂದು ಪ್ರಶ್ನೆ. 2024ರಲ್ಲಿ ಪ್ರಕಟವಾದ, ಕೊರಿಯಾದವರು ಮುನ್ನಡೆಸಿದ 1,606 ರೋಗಿಗಳ ಪ್ರಯೋಗದಲ್ಲಿ ಎರಡು ವರ್ಷದ ಅನಾಹುತಗಳು ಔಷಧ ಮಾತ್ರ ಪಡೆದವರಲ್ಲಿ ಶೇ. 3.4, ಸ್ಟೆಂಟ್ ಪಡೆದವರಲ್ಲಿ ಶೇ. 0.4 ಎಂದು ಬಂದಿದೆ. ಆ ಅಂತರದಲ್ಲಿ ಬಹುಪಾಲು ಆಮೇಲೆ ಸ್ಟೆಂಟ್ ಹಾಕಿಸಿಕೊಂಡವರದು ಮತ್ತು ಎದೆನೋವಿನಿಂದ ಆಸ್ಪತ್ರೆ ಸೇರಿದವರದು, ಸಾವಿನದಲ್ಲ. ಅಲ್ಲಿಯೂ ರೋಗಿಗೆ, ವೈದ್ಯರಿಗೆ ಯಾರಿಗೆ ಏನು ಮಾಡಿದ್ದಾರೆಂದು ಗೊತ್ತಿತ್ತು. 1959ರಲ್ಲಿ ಕಾಬ್ ಮಾಡಿದಂಥ ಪರೀಕ್ಷೆ ಈ ಪ್ರಶ್ನೆಗೆ ಇನ್ನೂ ಆಗಬೇಕಿದೆ.